ಆರಿಸಿದರೆ ಹೋಗುವ ಸದ್ದು

ನಮ್ಮಣ್ಣನ ರಸಮಂಜರಿ ತಂಡದಲ್ಲಿ ಇಪ್ಪತ್ತೆರಡು ವರ್ಷ ಕೀಬೋರ್ಡ್ ನುಡಿಸಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆಯ ಛತ್ರಗಳಲ್ಲಿ ನಾನು ಕೂರದ ಮೂಲೆ ಇಲ್ಲ. ಮೂಲೆ ಅಂತ ಬೇಕಂತಲೇ ಹೇಳುತ್ತಿದ್ದೇನೆ. ಹಾಡುವವರಿಗೆ ವೇದಿಕೆಯ ನಡುಮಧ್ಯೆ, ತಬಲದವರಿಗೆ ಬಲಗಡೆ, ಕೀಬೋರ್ಡಿನವಳಿಗೆ ಪರದೆಗೂ ಸ್ಪೀಕರ್ ಡಬ್ಬಕ್ಕೂ ನಡುವಿನ ಸಂದಿ. ಒಮ್ಮೆ ಕೂತರೆ ನಾಲ್ಕು ಗಂಟೆ ಏಳುವ ಹಾಗಿಲ್ಲ. ಹಾಡುವವರು ಬದಲಾಗುತ್ತಾರೆ, ಕೀಬೋರ್ಡು ಎಲ್ಲ ಹಾಡಿಗೂ ಬೇಕು. ಕಾರ್ಯಕ್ರಮದ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟಿರುತ್ತಿದ್ದೆ. ಗಂಡಸರಿಗೆ ಇದೆಲ್ಲ ಹೊಳೆಯುವುದಿಲ್ಲ, ಬಿಡಿ.

ಊರವರ ಮದುವೆಗೆಲ್ಲ ನುಡಿಸಿ ನುಡಿಸಿ ನನ್ನ ಮದುವೆಗೆ ದಿನವೇ ಸಿಗಲಿಲ್ಲ ಅಂತ ನಾನೇ ತಮಾಷೆ ಮಾಡುತ್ತಿದ್ದೆ. ಬೇರೆಯವರು ಮಾಡುವ ಮುಂಚೆ ನಾನೇ ಮಾಡಿಬಿಟ್ಟರೆ ಒಳ್ಳೆಯದಲ್ಲವೇ? ಅಪ್ಪ ಹಳ್ಳಿಹಳ್ಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಅಣ್ಣನಿಗೆ ಕಂಠ ಕೊಟ್ಟ, ನನಗೆ ಕಿವಿ ಕೊಟ್ಟ. ಅಪ್ಪ ಹೋದ ಮೇಲೆ ಆ ಕಂಠವೂ ಈ ಕಿವಿಯೂ ಸೇರಿ ಒಂದು ತಂಡವಾಯಿತು. ಅಣ್ಣ, ಅತ್ತಿಗೆ, ನಾನು, ಹುಣಸೂರಿನ ಒಂದೇ ಮನೆಯಲ್ಲಿ ಅದರ ಮೇಲೆ ಬದುಕಿದೆವು.

ಆ ವರ್ಷ ಬೇಸಿಗೆಯ ಶುರುವಿನಲ್ಲಿ ಸರಗೂರಿನ ಕಡೆಯ ಒಂದು ವಸತಿ ಶಾಲೆಯವರು ನನ್ನನ್ನು ಸಂಗೀತದ ಟೀಚರಾಗಿ ಬನ್ನಿ ಅಂತ ಕರೆದರು. ಅಲ್ಲಿನ ಹೆಡ್ ಮೇಡಂ ಯಾವುದೋ ನಾಮಕರಣದಲ್ಲಿ ನಾನು ನುಡಿಸಿದ್ದನ್ನು ಕೇಳಿದ್ದರಂತೆ. ಇರಲು ಒಂದು ರೂಮು, ಹತ್ತರಿಂದ ನಾಲ್ಕರವರೆಗೆ ಪಾಠ, ಭಾನುವಾರ ರಜ. ರಜ! ಆ ಮಾತು ಕೇಳಿ ನಾನು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಕ್ಕೆ. ಜೂನ್ ತಿಂಗಳ ಮೊದಲ ಸೋಮವಾರ ಹೋಗಿ ಸೇರಬೇಕು, ತಪ್ಪಿದರೆ ಬೇರೆಯವರಿಗೆ. ನಲವತ್ತಮೂರರ ಹೆಂಗಸನ್ನು ಇನ್ನೊಂದು ಸಲ ಯಾರು ಕರೆಯುತ್ತಾರೆ? ಇದು ತಪ್ಪಿದರೆ ಸಾಯುವ ತನಕ ಆ ಸಂದಿಯೇ ಗತಿ ಅಂತ ನನಗೆ ಖಂಡಿತವಾಗಿ ಗೊತ್ತಿತ್ತು.

ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ. ಸಾರು ಬಡಿಸುತ್ತಿದ್ದ ಅತ್ತಿಗೆಯ ಕೈ ನಿಂತಿತು. ಅಣ್ಣ ಮುದ್ದೆ ಮುರಿಯುತ್ತಲೇ ಇದ್ದ.

"ಓಗು, ಯಾರ್ ಬ್ಯಾಡ ಅಂದೋರು," ಅಂದ. "ಆದ್ರೆ ನನ್ನ ಹಾಡಿನ ಆ ಸದ್ದು ಅದ್ಯಲ್ಲ, ಇಪ್ಪತ್ತೆರಡ್ ವರ್ಸದಿಂದ ನೀನು ಹುಡುಕ್ತಾನೇ ಇದ್ದೀಯಲ್ಲ, ಅದನ್ನ ಕೀಬೋರ್ಡ್ ಮಿಷನ್ ಒಳಗೆ ಕೂರ್ಸು. ಕೂರ್ಸ್ಬುಟ್ಟು ಓಗು. ನಾನೇ ಸೀರೆ ಉಡ್ಸಿ ಕಳುಸ್ತೀನಿ."

"ಸಿಗದೇ ಹೋದ್ರೆ?"

"ಸಿಗೋಗಂಟ ಇರು."

ಅಣ್ಣನ ಹಾಡು ಎಂದರೆ ಎಂಬತ್ತರ ದಶಕದ ಒಂದು ಸಿನಿಮಾ ಹಾಡು. ಮೊದಲು ಹಾಡಿದವರು ಬೇರೆ ಯಾರೋ, ಆದರೆ ನಮ್ಮ ಕಡೆ ಅದು ಅವನದೇ. ಪಲ್ಲವಿಯ ಮೊದಲ ಸಾಲು ಮುಗಿದ ಕೂಡಲೇ ಒಂದು ಸದ್ದು ಬಂದು ಆ ಸಾಲಿಗೆ ಉತ್ತರ ಕೊಡುತ್ತದೆ. ಎರಡೇ ಸೆಕೆಂಡು. ಬಾವಿಗಿಳಿಸಿದ ಬಿಂದಿಗೆ ಗುಳುಗುಳು ಅಂತ ನೀರು ಕುಡಿಯುವುದನ್ನು ಕೇಳಿದ್ದೀರಲ್ಲ, ಅದರೊಳಗಿಂದ ಒಂದು ಎಳೆಗರು ಕೂಗಿದ ಹಾಗೆ. ಕೊಳಲಲ್ಲ, ಪಿಟೀಲಲ್ಲ, ಮನುಷ್ಯರ ಬಾಯಿಯದೂ ಅಲ್ಲ. ಸಿಂಥಸೈಸರಿನದು ಅಂತ ಗೊತ್ತು. ಯಾವ ಮಿಷನ್ನು, ಅದರೊಳಗಿನ ಯಾವ ನಂಬರಿನ ಟೋನು, ನುಡಿಸಿದ್ದು ಯಾರು, ಒಂದೂ ಗೊತ್ತಿಲ್ಲ. ಹಳೆಯ ಹಾಡಿನಿಂದಲೇ ಕತ್ತರಿಸಿ ಹಾಕೋಣವೆಂದರೆ ಹಾಡುಗಾರರು ಎಳೆದ ಕೊನೆಯ ದನಿಯೂ ಅಂಟಿಕೊಂಡೇ ಬರುತ್ತದೆ. ನಾನು ಕೊಳಲಿನ ಟೋನಿಗೆ ನೀರಿನ ಸದ್ದು ಬೆರೆಸಿ ಒಂದು ಕಳ್ಳ ಸದ್ದು ಮಾಡಿಟ್ಟಿದ್ದೆ. ಜನ ಬಿಡುತ್ತಾರೆಯೇ? ಕೆ.ಆರ್. ನಗರದಲ್ಲಿ ಮುಂದಿನ ಸಾಲಿನವನೊಬ್ಬ, "ಅದಲ್ಲ ಕಣಕ್ಕ, ನೀನು ಬಿಂದ್ಗೇನೇ ಒಡ್ದಾಕ್ದೆ" ಅಂದಿದ್ದ. ಛತ್ರವೆಲ್ಲ ನಕ್ಕಿತು. ಅಣ್ಣನೂ ಮೈಕಿನಲ್ಲೇ ನಕ್ಕ.

ಬೇರೆ ಸದ್ದುಗಳನ್ನು ನಾನು ಹಿಡಿದಿಲ್ಲ ಅಂತಲ್ಲ. ಗಾಜಿನ ಬಳೆ ಉದುರಿದಂತೆ ಕೇಳುವ ಒಂದಕ್ಕಾಗಿ ಎರಡು ವರ್ಷ ಒದ್ದಾಡಿದ್ದೆ. ಕೊನೆಗೆ ನೋಡಿದರೆ ಅದು ಒಂದು ಹಳೆಯ ಮಿಷನ್ನಿನ ಮೊದಲನೇ ನಂಬರಿನ ಟೋನು, ಅಂಗಡಿಯಿಂದ ಬಂದದ್ದು ಬಂದ ಹಾಗೇ ಇದೆ, ಯಾರೂ ಕೈ ಕೂಡ ಹಚ್ಚಿಲ್ಲ! ಇನ್ನೊಂದು ಹಾಡಿನಲ್ಲಿ ದೆವ್ವ ನರಳುವುದು ಬೇರೇನಲ್ಲ, ಗಂಟೆಯ ಟೋನನ್ನು ಮೂರು ಸ್ಥಾಯಿ ಕೆಳಗಿಳಿಸಿ ಒತ್ತಿದ್ದಾರೆ. ಹೀಗೆ ಒಂದೊಂದಾಗಿ ಕಿವಿಯಿಂದ ಹೆಕ್ಕಿ ಮುನ್ನೂರಕ್ಕೂ ಹೆಚ್ಚು ಟೋನು ಮಾಡಿ ಅಣ್ಣನ ಮಿಷನ್ನಿನಲ್ಲಿ ತುಂಬಿಟ್ಟಿದ್ದೆ. ಮಿಷನ್ನು ಅಣ್ಣನದು, ಹಾಗಾಗಿ ಟೋನುಗಳೂ ಅಣ್ಣನವೇ. ಆ ಒಂದು ಸದ್ದು ಮಾತ್ರ ಕೈಗೆ ಬಂದಿರಲಿಲ್ಲ.

ಕೀಬೋರ್ಡಿನವರಷ್ಟು ಜಿಪುಣರನ್ನು ನೀವು ಕಂಡಿರಲಾರಿರಿ. ಟೋನು ಯಾವುದು ಅಂತ ಕೇಳಿದರೆ ನಗುನಗುತ್ತಾ ಸುಳ್ಳು ನಂಬರು ಹೇಳುತ್ತಾರೆ. ನಾನೂ ಹೇಳಿದ್ದೇನೆ. ಆದರೂ ಈ ಸಲ ಮಾನ ಬಿಟ್ಟು ಫೋನಿನ ಗುಂಪೊಂದರಲ್ಲಿ ಹಾಡಿನ ತುಣುಕು ಹಾಕಿ ಕೇಳಿದೆ. ಎಷ್ಟು ಜನವೋ ಅಷ್ಟು ಮಿಷನ್ನುಗಳ ಹೆಸರು ಬಂತು, ಇಬ್ಬರು ಜಗಳವಾಡಿ ಗುಂಪು ಬಿಟ್ಟೇ ಹೋದರು. ನಾಲ್ಕನೆಯ ದಿನ ಮೈಸೂರಿನ ವಯಸ್ಸಾದ ಪಿಟೀಲು ವಾದಕರೊಬ್ಬರು ದನಿಯಲ್ಲೇ ಉತ್ತರ ಕಳಿಸಿದರು: "ಆ ರೆಕಾರ್ಡಿಂಗಿನಲ್ಲಿ ನಾನೂ ಕೂತಿದ್ದೆ ತಾಯಿ. ಅದನ್ನ ನುಡಿಸಿದವರು ನಿಮ್ಮ ಕಡೆಯವರೇ, ಸಾಲಿಗ್ರಾಮದವರು. ಮದ್ರಾಸು ಬಿಟ್ಟು ಬಂದು ಊರಲ್ಲಿ ಹಿಟ್ಟಿನ ಗಿರಣಿ ಇಟ್ಟಿದಾರಂತೆ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಕೆ.ಆರ್. ನಗರದಿಂದ ಬಸ್ಸಿನಲ್ಲಿ ಎಷ್ಟು ಮಹಾ ದೂರ ಅದು! ಸಾಲಿಗ್ರಾಮದಲ್ಲೇ ಎಷ್ಟೋ ಸಲ ನುಡಿಸಿದ್ದೆವು. ನಮ್ಮ ಕಳ್ಳ ಸದ್ದು ಆ ಮನುಷ್ಯನ ಕಿವಿಗೂ ಬಿದ್ದಿರಬಹುದು ಅನ್ನಿಸಿ ನಾಚಿಕೆಯಾಯಿತು.

ಮರುದಿನವೇ ಹೋದೆ. ಗಿರಣಿಯಲ್ಲಿ ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿದ್ದ ಎತ್ತರದ ಮುದುಕರೊಬ್ಬರು ರಾಗಿ ಸುರಿಯುತ್ತಿದ್ದರು.

"ಏನ್ ಬೀಸ್ಬೇಕವ್ವ?"

"ಬೀಸೋಕಲ್ಲ ಸಾರ್. ಒಂದು ಹಾಡಿನ ಸದ್ದಿನ ವಿಚಾರ."

ಅವರ ಮುಖ ಬಾಗಿಲು ಮುಚ್ಚಿದಂತೆ ಮುಚ್ಚಿಕೊಂಡಿತು. "ಅಂಗಾರೆ ಓಗ್ಬನ್ನಿ" ಅಂದರು. ನಾನು ಹೋಗಲಿಲ್ಲ, ಅಲ್ಲೇ ಮೂಟೆಯ ಮೇಲೆ ಕೂತೆ. ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ಎಲ್ಲ ಹೇಳಿದೆ. ಅಣ್ಣ, ಶಾಲೆ, ಜೂನಿನ ಸೋಮವಾರ, ಆ ಸದ್ದು ಸಿಕ್ಕರೆ ನನಗೆ ಬಿಡುಗಡೆ ಅನ್ನುವುದು. ಅವರು ಕೈಲಿದ್ದ ರಾಗಿ ಮುಗಿಸಿ ಮೋಟಾರು ನಿಲ್ಲಿಸಿದರು.

"ಬಿಡುಗಡೆನಾ ಅದ್ರಿಂದ!" ಅಂದರು. "ಕೇಳಿ ಇಲ್ಲಿ. ಅದು ಸ್ಟುಡಿಯೋದವರ ಮಿಷನ್ನು, ನಂದಲ್ಲ. ತಿಂಗಳುಗಟ್ಲೆ ಮೂಲೇಲಿ ಬಿದ್ದಿತ್ತು. ಆವತ್ತು ಸ್ವಿಚ್ ಹಾಕ್ತೀನಿ, ಒಳಗಿನ ಟೋನೆಲ್ಲ ಕಲಸುಮೇಲೋಗರ! ಕೊಳಲು ಅಂತ ಒತ್ತಿದ್ರೆ ಗರಗಸ, ವೀಣೆ ಅಂತ ಒತ್ತಿದ್ರೆ ಕೆಮ್ಮು. ಗಾಬ್ರೀಲಿ ಇನ್ನೊಂದು ಒತ್ತಿದೆ, ಅದು ಬಂತು. ಗಾಜಿನಾಚೆಯಿಂದ ಸಂಗೀತ ನಿರ್ದೇಶಕರು, 'ಅದೇ ಇರ್ಲಿ, ಅದೇ ಇರ್ಲಿ' ಅಂತ ಕೂಗುದ್ರು. ರೆಕಾರ್ಡ್ ಆಯ್ತು. ಊಟಕ್ಕೆ ಬಿಟ್ಟಾಗ ಯಾರೋ ಪುಣ್ಯಾತ್ಮ ಸ್ವಿಚ್ ಆರ್ಸಿದ. ತಿರ್ಗ ಹಾಕ್ದೆ. ಬೇರೆ ಏನೇನೋ ಬಂತು, ಅದು ಬರ್ಲಿಲ್ಲ. ಇವತ್ತಿನ್ವರ್ಗೂ ಬಂದಿಲ್ಲ ಕಣ್ರವ್ವ."

"ಯಾಕೆ ಹಂಗಾಯ್ತು?"

"ಒಳಗೊಂದು ಬ್ಯಾಟ್ರಿ ಇರ್ತದೆ, ರೂಪಾಯಿ ನಾಣ್ಯದಷ್ಟು. ಮಿಷನ್ ಆರಿದ್ದಾಗ ಟೋನುಗಳ ನೆನಪನ್ನ ಅದೇ ಕಾಯೋದು. ಅದು ಸತ್ರೆ ನೆನಪೆಲ್ಲ ಕಲಸೋಯ್ತದೆ. ಆಮೇಲೆ ಬಂದೋರೆಲ್ಲ ಆ ಸದ್ದೇ ಕೊಡಿ ಅಂದ್ರು. ಇಲ್ಲ ಅಂದ್ರೆ ಬಚ್ಚಿಟ್ಕೊಂಡವ್ನೆ ಅಂದ್ರು. ಇಲ್ದೇ ಇರೋದನ್ನ ಬಚ್ಚಿಟ್ಟಿಲ್ಲ ಅಂತ ಯಂಗ್ ತೋರ್ಸೋದು? ಕೆಲ್ಸ ಕಮ್ಮಿ ಆಯ್ತು, ಬಂದ್ಬುಟ್ಟೆ. ಇಲ್ಲಿ ರಾಗಿ ಹಾಕಿದ್ರೆ ರಾಗಿಹಿಟ್ಟೇ ಬತ್ತದೆ. ನೆಮ್ಮದಿ."

ಸಿಗದ ಸದ್ದು ಅದು, ಹುಟ್ಟಿದ ದಿನವೇ ಸತ್ತದ್ದು. ಬಸ್ಸಿಗೆ ಹೊರಡಲು ಎದ್ದಾಗ ಅವರೇ ಕೇಳಿದರು: "ನಿಮ್ ಮಿಷನ್ ಎಷ್ಟು ಹಳೇದು? ಬ್ಯಾಟ್ರಿ ಯಾವಾಗ ಬದ್ಲಾಯ್ಸಿದ್ರಿ? ಮುಗೀತಾ ಬಂದ್ರೆ ಮಿಷನ್ ಪರದೆ ಮೇಲೆ ಬತ್ತದೆ."

"ಪರದೆ ನಾವು ನೋಡಲ್ಲ ಸಾರ್," ಅಂದೆ.

ನಮ್ಮ ಕಡೆಯ ತಂಡಗಳಲ್ಲಿ ಇದು ಪದ್ಧತಿ. ಪಕ್ಕದ ತಂಡದವರು ಇಣುಕಿ ಟೋನಿನ ನಂಬರು ಕದಿಯಬಾರದು ಅಂತ ಮಿಷನ್ನಿನ ಪುಟ್ಟ ಪರದೆಗೆ ಕರಿ ಟೇಪು ಅಂಟಿಸುತ್ತಾರೆ. ಗುಂಡಿ ಎಷ್ಟು ಸಲ ಒತ್ತಿದೆ ಅಂತ ಎಣಿಸಿಕೊಂಡು ಕುರುಡರಂತೆ ನುಡಿಸುತ್ತೇವೆ. ಅಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರೂ ನಕಲು ಮಾಡಬಾರದು ಅಂತ ಟೋನುಗಳನ್ನು ಹೊರಗೆ ತೆಗೆಯುವ ಕಿಂಡಿಗೆ ನಲ್ಲಿ ರಿಪೇರಿಯವರ ಅಂಟು ಮೆತ್ತಿ ಕಲ್ಲಿನಂತೆ ಮಾಡಿದ್ದ. ಇದನ್ನು ಕೇಳಿ ಮುದುಕರು ನಕ್ಕ ನಗೆಗೆ ಹುಬ್ಬಿನ ಹಿಟ್ಟು ಉದುರಿತು. ಆಮೇಲೆ ನನ್ನ ಮುಖ ನೋಡಿ, "ತಪ್ಪಾಯ್ತು ಕಣವ್ವ" ಅಂದರು.

ಮನೆಗೆ ಬಂದವಳೇ ಮಿಷನ್ನಿಗೆ ಸ್ವಿಚ್ ಹಾಕಿ ಟೇಪು ಕಿತ್ತೆ. ಬ್ಯಾಟರಿ ಬದಲಾಯಿಸಿ, ಬ್ಯಾಟರಿ ಬದಲಾಯಿಸಿ ಅಂತ ಇಂಗ್ಲಿಷಿನ ಅಕ್ಷರಗಳು ಮಿಣುಕುತ್ತಿದ್ದವು. ಎಷ್ಟು ವರ್ಷದಿಂದ ಹಾಗೆ ಕಣ್ಣು ಮಿಟುಕಿಸುತ್ತಿತ್ತೋ, ಅಯ್ಯೋ ಪಾಪ. ಬದಲಾಯಿಸಲು ಬಿಚ್ಚಿದರೂ ಟೋನು ಹೋಗುತ್ತದೆ, ಬಿಚ್ಚದೆ ಬಿಟ್ಟರೂ ಹೋಗುತ್ತದೆ. ಹೊರಗೆ ತೆಗೆದಿಡೋಣವೆಂದರೆ ಕಿಂಡಿ ಕಲ್ಲು.

ಅಣ್ಣನನ್ನು ಕರೆದು ತೋರಿಸಿದೆ. ಅವನು ಸೊಂಟದ ಮೇಲೆ ಕೈ ಇಟ್ಟು ನೋಡಿದ.

"ಕರೆಂಟಲ್ಲಿ ಓಡೋದಕ್ಕೆ ಬ್ಯಾಟ್ರಿ ಯಾಕವ್ವಾ? ಓಗೋಕೆ ಒಂದು ನೆಪ ಬೇಕಾಗಿತ್ತು ನಿಂಗೆ. ನಾಟ್ಕ ಆಡ್ಬ್ಯಾಡ."

"ನಾಟಕ ಅಲ್ಲ ಅಣ್ಣ, ನೀನೇ ಓದು."

"ಮೊದ್ಲು ಟೇಪ್ ಅಂಟ್ಸು, ಯಾರಾರ ನೋಡಿದ್ರೆ?" ಅಂದವನು ತಾನೇ ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ.

ನಿಜ ಹೇಳಿಬಿಡುತ್ತೇನೆ. ನಾನು ಎರಡನೇ ಸಲ ಹೇಳಲಿಲ್ಲ. ಸಿಟ್ಟು ಬಂದಿತ್ತು. ಸಾಯಲಿ ಅನ್ನಿಸಿತು. ಒಳಗೊಳಗೇ ಇನ್ನೊಂದು ಆಸೆಯೂ ಇತ್ತು. ಸತ್ತ ಬ್ಯಾಟರಿಯಿಂದ ಅವರಿಗೆ ಬಂದ ಸದ್ದು ನನಗೂ ಒಂದು ಸಲ ಬರಬಹುದಲ್ಲ? ಬಂದರೆ ಅಣ್ಣನ ಮಾತಿನಂತೆಯೇ ನಾನು ಹೊರಡಬಹುದು. ಬಾರದಿದ್ದರೂ ಬರಿದಾದ ಮಿಷನ್ ನುಡಿಸಲು ನಾನೇ ಆಗಬೇಕೆಂದಿಲ್ಲ, ಯಾರಾದರೂ ಆದೀತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಚ್ಚಿಕೊಂಡೆ. ಇಪ್ಪತ್ತೆರಡು ವರ್ಷದ ನನ್ನದೇ ಕೆಲಸ ಅದರೊಳಗಿತ್ತು ಅನ್ನುವುದು ಗೊತ್ತಿದ್ದೂ ಮುಚ್ಚಿಕೊಂಡೆ.

ಆ ಸೋಮವಾರದ ಹಿಂದಿನ ದಿನ, ಭಾನುವಾರ, ಕೋಟೆಯ ಒಂದು ಛತ್ರದಲ್ಲಿ ಮಧ್ಯಾಹ್ನದ ಆರತಕ್ಷತೆಗೆ ನಮ್ಮ ಕಾರ್ಯಕ್ರಮ. ಮೂರನೇ ಹಾಡಿಗೆ ಕರೆಂಟು ಹೋಯಿತು. ಜನರೇಟರು ಗುಡುಗಿಕೊಂಡು ಎದ್ದಿತು, ದೀಪ ಬಂತು, ಆರಿದ್ದ ಮಿಷನ್ನಿಗೂ ಜೀವ ಬಂತು. ಅಣ್ಣ ಜನರನ್ನು ಹಿಡಿದಿಡಲು ತನ್ನ ಹಾಡನ್ನೇ ಶುರು ಮಾಡಿದ. ನಾನು ಗುಂಡಿ ಎಣಿಸಿ ಕಳ್ಳ ಸದ್ದಿನ ನಂಬರಿಗೆ ಹೋದೆ. ಮೊದಲ ಸಾಲು ಮುಗಿಯಿತು, ಒತ್ತಿದೆ.

ಬಾವಿ, ಬಿಂದಿಗೆ, ಕರು, ಎಲ್ಲ ಇತ್ತು. ನನ್ನ ಕಿವಿಗೆ ಗೊತ್ತು, ಅದು ಅದೇ ಅಲ್ಲ. ಹಳೆಯದು ಕೊನೆಯಲ್ಲಿ ಮೇಲಕ್ಕೇರುತ್ತಿತ್ತು, ಇದು ಬಾಗಿ ಇಳಿಯಿತು. ಅದರ ತಂಗಿ ಅನ್ನಬಹುದು. ಆದರೆ ಎಷ್ಟು ಚೆನ್ನಾಗಿತ್ತು! ಊಟದ ಮನೆಯಿಂದ ಜನ ಎಲೆ ಬಿಟ್ಟು ಎದ್ದು ಬಂದರು. ಒನ್ಸ್ ಮೋರ್, ಮತ್ತೆ ಒನ್ಸ್ ಮೋರ್. ಅಣ್ಣ ಹಿಂತಿರುಗಿ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಉಳಿದ ಮುನ್ನೂರು ಟೋನುಗಳಲ್ಲಿ ಕೈಗೆ ಸಿಕ್ಕವನ್ನೆಲ್ಲ ಒತ್ತಿ ನೋಡಿದೆ. ಗರಗಸ, ಕೆಮ್ಮು, ಗೊರಕೆ. ಒಂದೂ ಉಳಿದಿರಲಿಲ್ಲ. ಮಿಷನ್ನಿನ ಜೊತೆಗೇ ಬಂದಿದ್ದ ಪಿಯಾನೋ ಟೋನು ಒಂದರಲ್ಲೇ ಉಳಿದ ಹಾಡುಗಳನ್ನು ಹೇಗೋ ದಾಟಿಸಿದೆ. ನನ್ನ ಮಕ್ಕಳೇ ಹೋದ ಹಾಗಾಯಿತು.

ಕಾರ್ಯಕ್ರಮ ಮುಗಿದ ಕೂಡಲೇ ಅಣ್ಣ ಓಡಿ ಬಂದ. "ಅದೇ ಕಣೆ, ಅದೇ! ಯಂಗ್ ಮಾಡ್ದೆ?"

ಹೇಳಿದೆ. ಬ್ಯಾಟರಿ ಸತ್ತಿದೆ, ಎಲ್ಲ ಹೋಗಿದೆ, ಇದು ತಾನಾಗಿ ಹುಟ್ಟಿದ್ದು, ಆರಿಸಿದರೆ ಇದೂ ಹೋಗುತ್ತದೆ. ಈ ಸಲ ನಂಬಿದ. ಒಂದು ನಿಮಿಷ ಗಡ್ಡ ಕೆರೆದುಕೊಂಡು ನಿಂತ.

"ಅಂಗಾರೆ ಆರ್ಸೋದೇ ಬ್ಯಾಡ. ಮೈಕ್ ಸೆಟ್ಟಿನವನ ಹತ್ರ ಇನ್ವರ್ಟರ್ ಅದೆ, ಆರ್ದಂಗೆ ಅದಕ್ಕೆ ಜೋಡ್ಸಿ ವ್ಯಾನಲ್ಲಿ ಇಟ್ಕಳನ. ಮನೇಲೂ ಓ‍ಡ್ತಾನೇ ಇರ್ಲಿ. ನೀನು ಪಕ್ಕದಲ್ಲೇ ಕೂತ್ಕೊ, ವೈರ್ ಅಲುಗ್ದಂಗೆ ನೋಡ್ಕೊ."

"ಅಣ್ಣ, ನಾಳೆ ಸೋಮವಾರ. ಸದ್ದು ಸಿಕ್ತಲ್ಲ, ನೀನು ಮಾತು ಕೊಟ್ಟಿದ್ದೆ."

"ಮಿಷನ್ ಒಳಗೆ ಕೂರ್ಸು ಅಂದಿದ್ದೆ. ಇದು ಕೂತದಾ? ಆರ್ಸಿದ್ರೆ ಎದ್ದೋಯ್ತದೆ. ಕಾಯೋರು ಬ್ಯಾಡ್ವಾ? ನೀನಲ್ದೆ ಇನ್ಯಾರು ಕಾಯ್ತಾರೆ?"

"ಫೋನಲ್ಲಿ ಹಿಡಿದಿಟ್ಟುಕೋ."

"ಫೋನ್ ಸದ್ದು ಡಬ್ಬ ಸದ್ದು. ಜನ ಉಗೀತಾರೆ."

ಅವನು ಇನ್ವರ್ಟರ್ ತರಲು ಇಬ್ಬರನ್ನು ಕೂಗಿದ. ಮಿಷನ್ನಿನ ಮೇಲೆ ತನ್ನ ಟವೆಲು ಹೊದಿಸಿದ, ಹಸುಗೂಸಿಗೆ ಹೊದಿಸುವ ಹಾಗೆ. ಇಷ್ಟು ದಿನ ಸದ್ದು ಸಿಗಲಿಲ್ಲ ಅಂತ ನನ್ನನ್ನು ಇಟ್ಟುಕೊಂಡಿದ್ದ, ಈಗ ಸಿಕ್ಕಿತು ಅಂತ ಇಟ್ಟುಕೊಳ್ಳುತ್ತಿದ್ದಾನೆ. ಇನ್ನು ಮುಂದೆ ನಿದ್ದೆಯಲ್ಲೂ ಆ ವೈರಿನ ಕಡೆ ಒಂದು ಕಣ್ಣು. ಟವೆಲು ಸರಿಸಿ ಆ ಸದ್ದನ್ನು ಇನ್ನೊಂದೇ ಸಲ ಒತ್ತಿದೆ. ಕೊನೆಯಲ್ಲಿ ಬಾಗಿ ಇಳಿಯುವುದನ್ನು ಪೂರ್ತಿ ಕೇಳಿದೆ. ಆಮೇಲೆ ಪ್ಲಗ್ಗು ಕಿತ್ತೆ, ಸ್ಪೀಕರು ಟಪ್ ಅಂತು.

"ಕರೆಂಟ್ ಓಯ್ತಾ?" ಅಂತ ಅಣ್ಣ ಬಾಗಿಲಿಂದ ಕೂಗಿದ.

"ಇಲ್ಲ. ನಾನೇ ಕಿತ್ತೆ."

ಬಂದು ನನ್ನ ಕೈಯನ್ನೂ ಮುಖವನ್ನೂ ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಅವನು ಸ್ಪೀಕರ್ ಡಬ್ಬದ ಮೇಲೆ ಕೂತುಬಿಟ್ಟ. ಕೊನೆಗೆ ನಾನೇ, "ಹೊಸಬರು ಯಾರಾದ್ರೂ ಬರ್ತಾರೆ ಅಣ್ಣ, ಮೈಸೂರಲ್ಲಿ ಬೇಕಾದಷ್ಟು ಜನ ಇದ್ದಾರೆ" ಅಂದೆ.

"ಬತ್ತಾರೆ. ಬಂದು ಶ್ರುತಿ ಎಷ್ಟು ಅಂತ ಕೇಳ್ತಾರೆ. ಏನ್ ಯೋಳ್ಲಿ?"

ನಾನು ವೈರು ಸುತ್ತತೊಡಗಿದೆ.

"ಐದು ಮನೆ ಶ್ರುತಿ ಹಾಡು ಅದು. ನೀನು ಮೊದ್ಲು ಅರ್ಧ ಇಳ್ಸುದೆ. ಆಮೇಲೆ ಇನ್ನರ್ಧ. ಈಗ ಮೂರಕ್ಕೆ ತಂದಿದ್ದೀಯ. ನಂಗೊತ್ತಾಗಕಿಲ್ಲ ಅನ್ಕಂಡಿದ್ಯಾ? ನಾನೂ ಅಪ್ಪನ ಮಗನೇ ಕಣೆ."

ನಿಜ. ಅವನ ಕಂಠ ಕೆಲವು ವರ್ಷದಿಂದ ಬೀಳುತ್ತಲೇ ಇತ್ತು. ಮೇಲಿನ ಸ್ವರ ಎಟುಕದೆ ಅವನು ಒದ್ದಾಡುವುದನ್ನು ನೋಡಲಾರದೆ ನಾನು ಯಾರಿಗೂ ಹೇಳದೆ ಮಿಷನ್ನಿನ ಶ್ರುತಿಯನ್ನು ಮನೆಮನೆಯಾಗಿ, ಮೆಟ್ಟಿಲಿಳಿದ ಹಾಗೆ, ಇಳಿಸುತ್ತಾ ಬಂದಿದ್ದೆ. ಈ ವಯಸ್ಸಲ್ಲೂ ಅದೇ ದನಿ ಅಂತ ಜನ ಹೊಗಳುವಾಗ ನನಗೆ ಒಳಗೊಳಗೇ ಹೆಮ್ಮೆ. ಅವನಿಗೆ ತಿಳಿದಿದೆ ಅಂತ ಒಂದು ದಿನವೂ ನನಗೆ ಗೊತ್ತಾಗಿರಲಿಲ್ಲ.

"ನಿಂಗೆ ಬಾಯ್ಬುಟ್ಟು ಯೋಳ್ಬೇಕಾಗಿರ್ಲಿಲ್ಲ," ಅಂದ. "ಇನ್ನೊಬ್ಬನ ಮುಂದೆ, ನಂಗೆ ಎಟಕಕಿಲ್ಲ ಕಣಪ್ಪ, ಮೂರಕ್ಕೆ ಇಳ್ಸು ಅಂತ ನಾನು ಯಂಗವ್ವಾ ಯೋಳ್ಲಿ?"

ನನಗೆ ಅಳು ಬಂತು, ಅತ್ತುಬಿಟ್ಟೆ. ಆದರೆ ಹೋಗುವುದಿಲ್ಲ ಅನ್ನುವ ಮಾತು ಬಾಯಿಂದ ಬರಲಿಲ್ಲ. ಬರಬಾರದು ಅಂತ ಹಲ್ಲು ಕಚ್ಚಿ ಕೂತಿದ್ದೆ.

ಬೆಳಿಗ್ಗೆ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಅವನ ಹಾಡುಗಳನ್ನೆಲ್ಲ ಬರೆದು, ಒಂದೊಂದರ ಮುಂದೆ ಶ್ರುತಿ ಎಷ್ಟು ಅಂತ ಬರೆದೆ. "ಇದನ್ನ ಹೊಸಬರ ಕೈಗೆ ಕೊಡು, ನೀನೇನೂ ಹೇಳಬೇಕಾಗಿಲ್ಲ" ಅಂದೆ. ಅಣ್ಣ ಮಡಚಿ ಷರ್ಟಿನ ಜೇಬಿಗಿಟ್ಟುಕೊಂಡ. ನನ್ನ ಬ್ಯಾಗು ತಾನೇ ಹೊತ್ತು ಬಸ್ಸಿಗೆ ಹತ್ತಿಸಿದ. ಕಿಟಕಿಯ ಹತ್ತಿರ ನಿಂತು, ಭಾನುವಾರ ರಜ ಅಲ್ವಾ ಅಂತ ಎರಡು ಸಲ ಕೇಳಿದ.

ಹೊಸ ಹುಡುಗ ಹೊಸ ಮಿಷನ್ನಿನೊಂದಿಗೆ ಬಂದು ಸೇರಿದ ಅಂತ ಆಮೇಲೆ ಗೊತ್ತಾಯಿತು. ಒಳ್ಳೆಯ ಕೈಯಂತೆ. ಒಂದು ಸಂಜೆ ಅತ್ತಿಗೆಗೆ ಫೋನ್ ಮಾಡಿ, ಅಣ್ಣ ಆ ಚೀಟಿ ಕೊಟ್ಟನಾ ಅಂತ ಕೇಳಿದೆ.

"ಅದು ಇನ್ನೂ ಅವರ ಜೇಬಲ್ಲೇ ಅದೆ ಕಣವ್ವ," ಅಂದರು ಅತ್ತಿಗೆ. "ಬಟ್ಟೆ ಒಗಿಯೋವಾಗ ತಗ್ದಿಡ್ತೀನಿ, ತಿರ್ಗ ಎತ್ತಿ ಇಟ್ಕತಾರೆ. ಈಗ ಮೈಕ್ ಇಡ್ಕಂಡು ಮುಂದಿನ ಹಾಡು ಯಾವ್ದು, ಯಾರ್ ಹಾಡ್ತಾರೆ ಅಂತ ಯೋಳ್ತಾರೆ ಅಷ್ಟೆ. ಅವ್ರು ಹಾಡಕಿಲ್ಲ."